ನಾಲ್ಕು ಬೆರಳು ಗಿಡ್ಡ ಕಾಲಿನ ಹಗಲು ಮಂಚ

ಆ ಹಗಲು ಮಂಚವನ್ನು ಹಾಳು ಮಾಡಿದವರು ಇಬ್ಬರು. ಒಬ್ಬರು ಬಂಗಾರಪೇಟೆಯಲ್ಲಿ ಪೀಠೋಪಕರಣಗಳ ಪ್ರದರ್ಶನ ನಡೆಸಿದ ಅಂಗಡಿಯ ಮಾಲೀಕರು, ಇನ್ನೊಬ್ಬಳು ನಾನು. ಅದಕ್ಕಾಗಿ ನಿದ್ದೆ ಕಳೆದುಕೊಂಡವರು ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ, ಗಣಿ ಕಾರ್ಮಿಕರಿಗೆಂದು ಕಟ್ಟಿದ ಮನೆಯಲ್ಲಿ ವಾಸಿಸುವ ನನ್ನ ಸೋದರತ್ತೆ ಮತ್ತು ಅವರ ಗಂಡ.

ಮಾವ ಗಣಿಯ ಆಳದಲ್ಲಿ ದುಡಿದವರು. ಬಹುಕಾಲ ರಾತ್ರಿ ಪಾಳಿ ಮಾಡಿದವರಾದ್ದರಿಂದ ಅವರ ನಿದ್ದೆಯೆಲ್ಲ ಹಗಲಿನದು. ಒಂದೇ ಕೋಣೆಯ ಮನೆಯಲ್ಲಿ ಹಗಲು ಮಲಗುವವರಿಗೆ ಬೇರೆ ಜಾಗವೆಲ್ಲಿ? ಅಧಿಕಾರಿಯೊಬ್ಬರ ಬಂಗಲೆಯಿಂದ, ಬೆತ್ತದ ಹೆಣಿಗೆ ಹರಿದುಹೋಗಿದೆಯೆಂದು ಹೊರಗೆ ಹಾಕಿದ್ದ ತೇಗದ ಮಂಚವೊಂದನ್ನು ಅವರು ಹೊತ್ತು ತಂದು ಬಾಗಿಲ ಪಕ್ಕ ಹಾಕಿಕೊಂಡರು. ಅಗಲ ಕಡಿಮೆ, ಒಂದು ತುದಿಯಲ್ಲಿ ಮಾತ್ರ ಎತ್ತರಿಸಿದ ತಲೆದಿಂಬು. ಬಂಗಲೆಯಲ್ಲಿ ಊಟದ ನಂತರ ಒರಗಲೆಂದು ಮಾಡಿಸಿದ್ದ ವಸ್ತು ದುಡಿದು ಬಂದವರ ಪೂರ್ತಿ ನಿದ್ದೆಗೆ ಒದಗಿತು.

ಬೆತ್ತ ಕೊಳ್ಳುವ ಶಕ್ತಿಯಿರಲಿಲ್ಲ. ಬಂಡೆ ಸಿಡಿಸಿದ ಮೇಲೆ ಉಳಿದು ಬಿದ್ದಿರುತ್ತಿದ್ದ ಹಳದಿ, ಕೆಂಪು ತಂತಿಯ ತುಂಡುಗಳನ್ನು ಗಣಿಯವರು ಮನೆಗೆ ತರುತ್ತಿದ್ದರು; ಹೆಂಗಸರು ಅದರಲ್ಲಿ ಬುಟ್ಟಿ ಹೆಣೆಯುತ್ತಿದ್ದರು. ಅತ್ತೆ ಮಂಚವನ್ನೇ ಹೆಣೆದರು. ಒಳಗೆ ಲೋಹ, ಮೇಲೆ ಪ್ಲಾಸ್ಟಿಕ್ಕು ಇರುವ ಆ ತಂತಿ ಒಮ್ಮೆ ಬಾಗಿದರೆ ಬಾಗಿದ ಹಾಗೆಯೇ ನಿಲ್ಲುತ್ತದೆ. ಬೆನ್ನಿನ ಕೆಳಗೆ ಬಿಗಿಯಾಗಿ, ಸೊಂಟದ ಬಳಿ ಸಡಿಲವಾಗಿ ಹೆಣೆದಿದ್ದರಿಂದ ಅಲ್ಲಿ ಮಾವನ ಮೈಗೆ ಸರಿಯಾದ ಒಂದು ಗುಳಿ ಮೂಡಿತು. ಮುಂದೆ ಧೂಳು ತುಂಬಿದ ಎದೆ ಅವರನ್ನು ಮಟ್ಟಸವಾಗಿ ಮಲಗಲು ಬಿಡದಾದಾಗ, ಮಾವ ಗರಗಸ ತಂದು ಕಾಲ ಕಡೆಯ ಎರಡು ಕಾಲುಗಳನ್ನು ನಾಲ್ಕು ಬೆರಳಿನಷ್ಟು ಕೊಯ್ದರು. ಮಂಚ ಇಳಿಜಾರಾಯಿತು, ಸೊಂಟದ ಗುಳಿ ಅವರನ್ನು ಜಾರದಂತೆ ಹಿಡಿಯಿತು. ಹಾಗೆ ಅವರು ಉಸಿರಾಡಿದರು.

ಇದೆಲ್ಲ ನನಗೆ ಗೊತ್ತಿತ್ತು. ಆದರೂ ಆ ಬಣ್ಣದ ತಂತಿಯನ್ನು ಕಂಡಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ಶೋಷಣೆಯ ಗುರುತು ಅದು, ಇಷ್ಟು ವರ್ಷದ ಮೇಲೂ ಕಾರ್ಮಿಕನೊಬ್ಬ ಕಸದ ಮೇಲೆ ಮಲಗಬೇಕೇ ಎಂದು ಕಾರ್ಮಿಕರ ಸಭೆಗಳಲ್ಲಿ ಕೇಳಿದವಳು ನಾನು.

ಕಳೆದ ತಿಂಗಳು ಬಂಗಾರಪೇಟೆಯ ಕಲ್ಯಾಣ ಮಂಟಪವೊಂದರಲ್ಲಿ ಹಗಲು ಮಂಚಗಳ ಪ್ರದರ್ಶನ ಏರ್ಪಾಡಾಯಿತು. ಕೆತ್ತನೆಯ ಪುರಾತನ ಮಂಚಗಳು ಒಂದು ಸಾಲು, ಅಜ್ಜಂದಿರ ಕಾಲದವು ಇನ್ನೊಂದು, ಒಳಗೆ ಸಾಮಾನು ತುಂಬುವ ಇಂದಿನ ದಿವಾನ್‌ಗಳು ಮತ್ತೊಂದು. ಕಾರ್ಮಿಕನ ಮನೆಯ ಮಂಚವೂ ಅಲ್ಲಿರಬೇಕೆಂದು ನಾನು ಮಾಲೀಕರ ಬಳಿ ವಾದಿಸಿದೆ. ಅವರು ಒಪ್ಪಿದರು. ಮಂಚ ವ್ಯಾನು ಹತ್ತುವಾಗ ಮಾವ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

“ಮಂಚ ಮಾತ್ರ ಓಗ್ತದಾ? ನನ್ನೂ ಅದರ ಮೇಲೆ ಕುಂಡ್ರಿಸಿದ್ರೆ ಜನ ಇನ್ನಾ ಜಾಸ್ತಿ ಬತ್ತಾರೆ ಕಣಮ್ಮಾ.”

“ಸುಮ್ನಿರಿ. ನಿಮ್ಮ ಗೊರಕೆ ಕೇಳಿದ್ರೆ ಬಂದಿರೋರೂ ಓಡೋಗ್ತಾರೆ,” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ, “ಎರಡು ವಾರ ಅಂದಿದ್ದೀಯ. ಅಷ್ಟರೊಳಗೆ ತಂದ್ಬಿಡು ತಾಯಿ,” ಎಂದರು.

ವ್ಯಾನಿನ ಪಕ್ಕದಲ್ಲಿ ನಿಂತು ನಾನು ಮಾಲೀಕರಿಗೆ ತಗ್ಗಿದ ದನಿಯಲ್ಲಿ ಹೇಳಿದ ಮಾತು ಇದು: “ಸ್ವಲ್ಪ ಸರಿ ಮಾಡಿಸಿ ಇಡಿ. ನೋಡೋಕೆ ಗೌರವವಾಗಿರಲಿ.” ಮಾವನನ್ನು ಕೇಳಲಿಲ್ಲ. ಅತ್ತೆಯನ್ನೂ ಕೇಳಲಿಲ್ಲ.

ಪ್ರದರ್ಶನದ ದಿನ ಮಂಚದ ಮುಂದಿನ ಚೀಟಿಯಲ್ಲಿ ‘ಅಧಿಕಾರಿ ಬಂಗಲೆಯ ಡೇಬೆಡ್’ ಎಂದಷ್ಟೇ ಬರೆದಿತ್ತು. ಅದು ಅನ್ಯಾಯವೆಂದು ಜಗಳವಾಡಿ, ‘ಗಣಿ ಕಾರ್ಮಿಕರ ಹಗಲು ಮಂಚ’ ಎಂದು ಬರೆಸಿ, ಗೆದ್ದೆನೆಂದುಕೊಂಡು ಮನೆಗೆ ಬಂದೆ. ಹೊಸ ಬೆತ್ತ ಹೊಳೆಯುತ್ತಿದ್ದುದು ಕಂಡಿತ್ತು, ಸಂತೋಷವೂ ಆಗಿತ್ತು. ನಾಲ್ಕು ಕಾಲೂ ಒಂದೇ ಎತ್ತರಕ್ಕಿದ್ದುದನ್ನು ನಾನು ನೋಡಲೇ ಇಲ್ಲ. ಕೊಯ್ದ ಕಾಲುಗಳಿಗೆ ತೇಗದ ತುಂಡು ಸೇರಿಸಿ, ಜೋಡಣೆ ಕಾಣದಂತೆ ಪಾಲಿಶ್ ಹಾಕಿದ್ದರು.

ಮಂಚ ಹೇಳಿದ ದಿನಕ್ಕೇ ಮನೆಗೆ ಮರಳಿತು. ಮಾವ ಬೆತ್ತವನ್ನು ಸವರಿ, “ದೊರೆ ಮಂಚ ಆಗ್ಬಿಟ್ಟಿದೆಯಲ್ಲಾ,” ಎಂದು ನಕ್ಕು ಮಲಗಿದರು. ಸ್ವಲ್ಪ ಹೊತ್ತಿನಲ್ಲೇ ಕೆಮ್ಮುತ್ತ ಎದ್ದು ಕೂತರು. ಅತ್ತೆ ತಲೆಯ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರು. ಈಗ ಇಳಿಜಾರಿತ್ತು, ಗುಳಿ ಇರಲಿಲ್ಲ; ಬಿಗಿದ ನುಣುಪು ಬೆತ್ತದ ಮೇಲೆ ಮಾವ ಕಾಲ ಕಡೆಗೆ ಜಾರಿ ಹೋದರು. ಹಾಸಿಗೆ ಹಾಸಿ ನೋಡಿದರು. ಹಾಸಿಗೆಯೂ ಜೊತೆಗೆ ಜಾರಿತು. ಜಾರದಂತೆ ಅಡ್ಡಕ್ಕೆ ನೈಲಾನ್ ಪಟ್ಟಿ ಬಿಗಿಸಿದರೆ ಅದು ದಿನದಿನಕ್ಕೂ ಜೋತುಬಿತ್ತು. ಮುಂದಿನ ವಾರ ನಾನು ಹೋದಾಗ ಅತ್ತೆ ಮಂಚದ ಮೇಲೆ ಕೂತು, ಗಂಡನ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು, ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದರು. ಮಾವ ಹಾಗೆಯೇ ಕೂತು ತೂಕಡಿಸುತ್ತಿದ್ದರು.

“ಮೆಲ್ಲಗೆ ಮಾತಾಡು. ಈಗ ಕಣ್ಣು ಮುಚ್ಚವ್ರೆ.”

“ಎಷ್ಟೊತ್ತಿಂದ ಹೀಗೆ ಕೂತಿದ್ದೀರಿ ಅತ್ತೆ?”

“ನಾನೆದ್ರೆ ಅವರು ಬಿದ್ದೋಗ್ತಾರೆ. ಇನ್ನೇನು ಮಾಡ್ಲಿ? ನಿನ್ನ ಬೈಯಲ್ಲ ಬಿಡು. ತಂತಿ ಎಲ್ಲೈತೆ, ಅದ ಏಳು. ಗಣಿ ಮುಚ್ಚೋಯ್ತು, ಆ ತಂತಿ ಇನ್ನೆಲ್ಲೂ ಸಿಗಲ್ಲ.”

ಅಂಗಡಿಗೆ ಹೋದೆ. ಗೋಡೆಯ ಮೇಲೆ, ಗಾಜು ಹಾಕಿದ ಚೌಕಟ್ಟಿನೊಳಗೆ ಅತ್ತೆಯ ಹೆಣಿಗೆಯ ನಡುಭಾಗ ತೂಗುತ್ತಿತ್ತು. ಕೆಳಗೆ ‘ಗಣಿನಾಡಿನ ಕೈಕಸುಬು’ ಎಂಬ ಚೀಟಿ, ಬೆಲೆಯ ಸಮೇತ. ಮಾವನ ಸೊಂಟದ ಗುಳಿ ಗಾಜಿನಡಿ ಚಪ್ಪಟೆಯಾಗಿತ್ತು. ಉಳಿದ ತಂತಿ ತುಂಡುತುಂಡಾಗಿ ಉಗ್ರಾಣದಲ್ಲೊಂದು ಚೀಲದಲ್ಲಿತ್ತು.

“ಮೇಡಂ, ಸರಿ ಮಾಡಿಸಿ ಅಂದಿದ್ದು ನೀವೇ ಅಲ್ವಾ?” ಎಂದರು ಮಾಲೀಕರು. ದನಿಯಲ್ಲಿ ಕೊಂಕಿರಲಿಲ್ಲ. “ಬೆತ್ತ ಹಾಕೋಕೆ ನಮ್ಮ ಅಂಗಡಿಯ ಹೆಣೆಯೋ ಮುದುಕರು ನಾಲ್ಕು ದಿನ ಕೂತಿದ್ರು. ನಾನು ಕೆಟ್ಟದ್ದೇನೂ ಬಯಸಿಲ್ಲ.”

ಬಯಸಲಿಲ್ಲವೆಂಬುದು ನಿಜ. ನಾನೂ ಬಯಸಲಿಲ್ಲ. ಆದರೆ ಆ ಕಾಲುಗಳು ಏಕೆ ಗಿಡ್ಡವಾಗಿವೆ ಎಂದು ಅವರು ಮಲಗುವವರನ್ನು ವಿಚಾರಿಸಲಿಲ್ಲ, ಅದು ತಪ್ಪು. ಕೇಳದೆ ಬಿಚ್ಚಿದ ಹೆಣಿಗೆಯನ್ನು ಗೋಡೆಗೆ ತೂಗಿಸಿ ಮಾರಲಿಟ್ಟರು. ಅದು ದೊಡ್ಡ ತಪ್ಪು. ಹೆಣೆದವರ ಕೈಯನ್ನೇ ನೋಡದೆ ನಾನು ಅವರ ಗೌರವವನ್ನು ನಿರ್ಧರಿಸಿದೆ. ಎಲ್ಲಕ್ಕೂ ಮೊದಲ ತಪ್ಪು ಅದು.

ತಂತಿ ತುಂಡಾಗಿದೆ ಎಂದು ಅತ್ತೆಗೆ ತಿಳಿಸಿದೆ. “ತುಂಡಾದ್ರೂ ಆಗ್ಲಿ, ಗಂಟು ಆಕ್ಕಂತೀನಿ. ಗಂಟೆಲ್ಲಾ ಕಾಲ ಕಡೆ ಬರಂಗೆ ನೋಡ್ಕಂತೀನಿ. ಬೆನ್ನಿಗೆ ಚುಚ್ಚಬಾರದು.”

ಆದ್ದರಿಂದ ಅಂಗಡಿಯ ಮಾಲೀಕರೇ, ನಿಮ್ಮಲ್ಲಿ ನನ್ನ ಬೇಡಿಕೆ ಇಷ್ಟು. ಗೋಡೆಯ ಮೇಲಿನ ಚೌಕಟ್ಟನ್ನು ಇಳಿಸಿ, ಗಾಜು ತೆಗೆಯಿರಿ. ಉಗ್ರಾಣದ ಚೀಲವನ್ನೂ ಸೇರಿಸಿ, ಒಂದು ತುಂಡೂ ಬಿಡದೆ, ಈ ಭಾನುವಾರದೊಳಗೆ ಉರಿಗಾಂನ ಮನೆಗೆ ತನ್ನಿ. ಬರುವಾಗ ಕಾಲು ಜೋಡಿಸಿದ ಬಡಗಿಯನ್ನೂ ಗರಗಸದೊಂದಿಗೆ ಕರೆತನ್ನಿ. ಬೆತ್ತವನ್ನು ನಾನು ಬಿಚ್ಚುತ್ತೇನೆ. ಅದು ನನ್ನ ಪಾಲಿನ ಕೆಲಸ. ಎಷ್ಟು ಕೊಯ್ಯಬೇಕೆಂದು ಮಾವ ಬೆರಳಿಟ್ಟು ತೋರಿಸುತ್ತಾರೆ. ಅವರು ತೋರಿಸಿದಷ್ಟೇ ಕೊಯ್ಯಿರಿ.