ಹಿಂದಿನ ರೆಕ್ಕೆಯ ನಾಲ್ಕು ಗೆರೆ

ಮಾದಾಪುರದಲ್ಲಿ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ ಅದು. ಹೈದರಾಬಾದಿನಲ್ಲಿ ಯಾರ ಬಾಯಲ್ಲಿ ಕೇಳಿದರೂ ಕಂಪ್ಯೂಟರಿನದೇ ಮಾತು. ನಾವು ಯಾದಗಿರಿ ಕಡೆಯಿಂದ ಬಂದು ತಗಡಿನ ಶೆಡ್ಡಿನಲ್ಲಿದ್ದೆವು. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಅವ್ವ, ಕಟ್ಟಿ ಮುಗಿದಿದ್ದ ಒಂದು ಕಟ್ಟಡದಲ್ಲಿ ಕಸ ಗುಡಿಸುತ್ತಿದ್ದಳು. ನಾನೂ ಎಲ್ಲರ ಹಾಗೆ ಕುಂಟಬಿಲ್ಲೆ ಆಡಿದವಳೇ. ಆದರೆ ಏಳನೆಯ ತರಗತಿಯ ಆ ಮಳೆಗಾಲದಲ್ಲಿ ಮಾತ್ರ ನನಗೆ ಪತಂಗಗಳ ಹುಚ್ಚು ಹಿಡಿದಿತ್ತು.

ಅವ್ವನ ಕಟ್ಟಡದ ದೀಪಗಳು ಬೆಳಗಿನ ತನಕ ಉರಿಯುತ್ತಿದ್ದವು. ಒಳಗಿನವರು ಇನ್ಯಾವುದೋ ದೇಶದ ಹಗಲಿಗೆ ದುಡಿಯುತ್ತಿದ್ದರಂತೆ. ಮುಂಜಾನೆ ಅವ್ವ ಹೋಗುವಷ್ಟರಲ್ಲಿ ಗಾಜಿನ ಬುಡದಲ್ಲಿ ಸತ್ತ ಪತಂಗಗಳು ರಾಶಿ ಬಿದ್ದಿರುತ್ತಿದ್ದವು. ಅವ್ವ ಅವುಗಳಿಗೆ ದೀಪದ ಹುಳ ಅನ್ನುತ್ತಿದ್ದಳು. ಚೆಂದ ಕಂಡವನ್ನು ಆರಿಸಿ ಕಾಗದದಲ್ಲಿ ಸುತ್ತಿಟ್ಟು, ರೊಟ್ಟಿ ತಿಂದ ಮೇಲೆ ಖಾಲಿ ಡಬ್ಬಿಗೆ ಹಾಕಿ ನನಗೆ ತರುತ್ತಿದ್ದಳು. ಮುಚ್ಚಳ ತೆಗೆದರೆ ಮೊದಲು ಶೇಂಗಾ ಹಿಂಡಿಯ ವಾಸನೆ, ಆಮೇಲೆ ಅವ್ವನ ಕೈಗೆ ಅಂಟಿದ ಫಿನೈಲಿನ ವಾಸನೆ.

ನಮ್ಮ ಸರ್ಕಾರಿ ಶಾಲೆಯ ವಿಜ್ಞಾನದ ಟೀಚರ್ ಹತ್ತಿರ ಒಂದು ದಪ್ಪ ಪುಸ್ತಕವಿತ್ತು. ಶಾಲೆಯ ಪ್ರದರ್ಶನಕ್ಕೆ ಪತಂಗಗಳ ಕುಟುಂಬಗಳನ್ನು ವಿಂಗಡಿಸಿ ತೋರಿಸು ಎಂದು ಅವರು ನನಗೆ ಹೇಳಿದರು. ಎಲ್ಲ ಪತಂಗಗಳೂ ಒಂದೇ ಮೂಲದಿಂದ ಕವಲೊಡೆದು ಬಂದವು, ಚಿಟ್ಟೆಗಳೂ ಅದೇ ಮರದ ಒಂದು ಕೊಂಬೆ ಎಂದು ಅವರೇ ತಿಳಿಸಿದ್ದು. ನಾನು ಅದನ್ನು ಅವ್ವನಿಗೆ ಹೇಳಿದಾಗ ಅವಳು ಜೋಳದ ಹಿಟ್ಟು ನಾದುತ್ತಿದ್ದಳು.

"ಹಂಗಂದ್ರ ಪಾತರಗಿತ್ತಿ ದೀಪದ ಹುಳದ ಮನಿ ಮಗಳ ಅಂದಂಗಾತು," ಅಂದಳು. ನಾನು ನಕ್ಕೆ. ಈಗ ಯೋಚಿಸಿದರೆ ಅದಕ್ಕಿಂತ ಸರಿಯಾಗಿ ಹೇಳಲು ನನಗೂ ಬರುವುದಿಲ್ಲ.

ಕಂಪ್ಯೂಟರ್ ಪೆಟ್ಟಿಗೆಗಳಿಂದ ಬಿಸಾಡಿದ ಥರ್ಮಾಕೋಲ್ ಮೇಲೆ ಗುಂಡುಸೂಜಿ ಚುಚ್ಚಿ ನಾವಿಬ್ಬರೂ ಸಂಜೆ ಪತಂಗ ಜೋಡಿಸುತ್ತಿದ್ದೆವು. ಮೈಮೇಲೆ ಕೆಂಪು-ಕಪ್ಪು ಚುಕ್ಕಿಯ ಬಿಳಿ ಪತಂಗ ಒಂದು ಕುಟುಂಬ. ಹಳದಿ ಕೂದಲಿನದು ಇನ್ನೊಂದು. ಗೂಬೆಗಣ್ಣಿನ ದೊಡ್ಡ ಕಂದು ಪತಂಗ ಮತ್ತು ತೊಗರಿಕಾಯಿ ಕೊರೆಯುವ ಹುಳುವಿನ ಪತಂಗ, ಎರಡೂ ಸೇರಿ ಮೂರನೆಯದು. ಪುಸ್ತಕದಲ್ಲಿ ಹಾಗೇ ಇತ್ತು. ಅವ್ವ ಬಹಳ ಹೊತ್ತು ಬಗ್ಗಿ ನೋಡಿದಳು. ತೊಗರಿಯ ಹುಳುವನ್ನು ಅವಳು ಊರಿನ ಹೊಲದಲ್ಲಿ ಕೈಯಾರೆ ಆರಿಸಿ ಬಲ್ಲವಳು.

"ಈ ದೊಡ್ಡದು ತೊಗರಿ ಹುಳದ ಮಂದಿ ಅಲ್ಲವ್ವಾ. ಇದು, ಈ ಬಿಳೇದು, ಈ ಹಳದಿ, ಮೂರೂ ಒಂದ ಮನಿತನದವು. ಬಣ್ಣ ನೋಡಬ್ಯಾಡ. ಬಣ್ಣ ಉದರಿದ್ದನ್ನ ನೋಡು."

ಗುಡಿಸುವವಳ ಕೈಗೆ ಸಿಗುವುದು ಬಣ್ಣ ಉದುರಿದ ಪತಂಗಗಳೇ ತಾನೆ. ಹಾಗೆ ಸವೆದವನ್ನೂ ಅವಳು ಒಂದಿಷ್ಟು ತಂದಿದ್ದಳು. ಅವುಗಳ ಹಿಂದಿನ ರೆಕ್ಕೆಯನ್ನು ಹೊರಳಿಸಿ, ನಡುವಿನಿಂದ ಕವಲೊಡೆಯುವ ಗೆರೆಗಳನ್ನು ಕಡ್ಡಿಯ ತುದಿಯಿಂದ ಎಣಿಸಿ ತೋರಿಸಿದಳು. ಈ ಮೂರರಲ್ಲಿ ನಾಲ್ಕು ನಾಲ್ಕು. ತೊಗರಿಯದರಲ್ಲಿ ಮೂರೇ. ನಾನು ಪುಸ್ತಕದ ಮಾತು ಬಿಡಲಿಲ್ಲ. ಆದರೆ ಪ್ರದರ್ಶನದ ದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವ್ವ ಕೆಲಸಕ್ಕೆ ಹೋಗಿದ್ದಳು, ಪತಂಗಗಳನ್ನು ತನ್ನ ಲೆಕ್ಕದಂತೆ ಚುಚ್ಚಿಟ್ಟಿದ್ದಳು. ಗಡಿಬಿಡಿಯಲ್ಲಿ ನಾನು ನೋಡದೆ ಹಾಗೇ ಹೊತ್ತುಕೊಂಡು ಹೋದೆ.

ಪ್ರದರ್ಶನದಲ್ಲಿ ಎಲ್ಲರೆದುರು ಟೀಚರ್ ಬೆರಳಿಟ್ಟು ಇದು ತಪ್ಪು, ಇದೂ ತಪ್ಪು ಅಂದರು. ಬೈಯಲಿಲ್ಲ, ಪಾಪ; ಪುಸ್ತಕ ತೆರೆದು ತೋರಿಸಿದರು. ಅಷ್ಟರಲ್ಲಿ ಅವ್ವ ಬಂದಳು. ನೀಲಿ ಸಮವಸ್ತ್ರ ಕೂಡ ಬದಲಿಸದೆ, ಪರವಾನಗಿ ಬೇಡಿ ಓಡಿ ಬಂದಿದ್ದಳು. ಟೀಚರ್ ಕೇಳಿದ್ದೇ ತಡ, ಅದು ತಾನು ಮಾಡಿದ್ದೆಂದು ನಗುತ್ತ ಒಪ್ಪಿಕೊಂಡಳು. ಕಡ್ಡಿ ಹಿಡಿದು ಕನ್ನಡದಲ್ಲೇ ಗೆರೆಗಳ ವಿಷಯ ಶುರು ಮಾಡಿದಳು. ಹುಡುಗಿಯರು ಕಿಸಕ್ಕೆಂದರು. ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು.

ಮನೆಯಲ್ಲಿ ನಾವು ಕನ್ನಡ ಬಿಟ್ಟು ಬೇರೆ ಆಡುತ್ತಿರಲಿಲ್ಲ. ತೆಲುಗು ಹೊರಗಿನವರಿಗೆ. ಆ ದಿನ ನಾನು ಅವ್ವನಿಗೆ ತೆಲುಗಿನಲ್ಲಿ ಅಂದೆ: "ನೀಕೇಮಿ ತೆಲುಸು?" ನಿನಗೇನು ಗೊತ್ತು ಅಂತ. ಎಷ್ಟು ಕೊಬ್ಬಿತ್ತು ನನಗೆ.

ಅವ್ವ ಕಡ್ಡಿ ಕೆಳಗಿಟ್ಟಳು. "ಹೂನ್ರಿ ಟೀಚರ್, ನಂಗೇನ್ ತಿಳಿತೈತ್ರಿ," ಎಂದು ನಕ್ಕಂತೆ ಮಾಡಿ ಕೆಲಸಕ್ಕೆ ಹೋದಳು. ನಾನು ಸೂಜಿ ಕಿತ್ತು ಎಲ್ಲವನ್ನೂ ಪುಸ್ತಕದ ಪ್ರಕಾರ ಚುಚ್ಚಿದೆ. ನನಗೆ ಎರಡನೆಯ ಬಹುಮಾನ ಬಂತು, ಒಂದು ಕಂಪಾಸ್ ಪೆಟ್ಟಿಗೆ.

ಮರುದಿನ ಡಬ್ಬಿ ತೊಳೆದು ಬಂತು. ಅದರ ಮರುದಿನವೂ. ಅವ್ವ ನನ್ನ ಮೇಲೆ ಮುನಿಸು ತೋರಿಸಲಿಲ್ಲ, ಬಿಸಿ ರೊಟ್ಟಿಯನ್ನು ಮೊದಲು ನನ್ನ ತಾಟಿಗೇ ಹಾಕಿದಳು. ಪತಂಗ ಮಾತ್ರ ಮತ್ತೆ ತರಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಓದಿ ಓದಿ ನಾನು ಪ್ರಾಣಿಶಾಸ್ತ್ರದ ಮೇಡಂ ಆದೆ, ಉಪ್ಪಲ್ ಕಡೆ ಒಂದು ಕಾಲೇಜಿನಲ್ಲಿ. ತೆಲುಗಿನವರನ್ನೇ ಮದುವೆಯಾದೆ. ಅಪ್ಪ ಮೊದಲು ಹೋದ, ಆಮೇಲೆ ಅವ್ವ. ಅವ್ವ ಹೋಗಿ ನಾಲ್ಕು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಪಾಠಕ್ಕೆಂದು ಪತಂಗಗಳ ಹೊಸ ವರ್ಗೀಕರಣ ಓದುತ್ತಿದ್ದೆ. ಚುಕ್ಕಿಯ ಬಿಳಿ ಪತಂಗದ ಕುಟುಂಬವನ್ನೂ ಹಳದಿ ಕೂದಲಿನದನ್ನೂ ಪ್ರತ್ಯೇಕ ಕುಟುಂಬಗಳ ಪಟ್ಟಿಯಿಂದ ತೆಗೆದಿದ್ದರು. ಎರಡನ್ನೂ ಗೂಬೆಗಣ್ಣಿನ ಕಂದು ಪತಂಗದ ಜೊತೆ ಒಂದೇ ಕುಟುಂಬಕ್ಕೆ ಸೇರಿಸಿದ್ದರು. ತೊಗರಿಯದು ಬೇರೆ ಉಳಿದಿತ್ತು. ವಂಶವಾಹಿಗಳನ್ನು ಹೋಲಿಸಿ ನೋಡಿ ಒಪ್ಪಿದ್ದಾರೆ ಎಂದಿತ್ತು. ಕೆಳಗೆ ಗುರುತಿಸುವ ಲಕ್ಷಣ ಬರೆದಿತ್ತು: ಹಿಂದಿನ ರೆಕ್ಕೆಯಲ್ಲಿ ನಾಲ್ಕು ಕವಲಿನ ಗೆರೆ.

ಆ ಥರ್ಮಾಕೋಲ್ ಎಂದೋ ಕಸಕ್ಕೆ ಹೋಗಿದೆ. ಶೆಡ್ಡುಗಳಿದ್ದ ಜಾಗದಲ್ಲಿ ಇನ್ನೊಂದು ಗಾಜಿನ ಕಟ್ಟಡ ನಿಂತಿದೆ. ಅದರ ಬುಡದಲ್ಲಿ ಈಗ ಪತಂಗಗಳೂ ಅಷ್ಟಾಗಿ ಬೀಳುವುದಿಲ್ಲ.

"ಅವ್ವಾ, ನೀ ಹೇಳಿದ್ದ ಖರೆ ಇತ್ತು," ಎಂದು ಗಟ್ಟಿಯಾಗಿ ಅಂದುಬಿಟ್ಟೆ. ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆಯೆತ್ತಿ, ಏನಂದೆ ಅಂತ ತೆಲುಗಿನಲ್ಲಿ ಕೇಳಿದಳು. ಅವಳಿಗೆ ಕನ್ನಡ ಬರುವುದಿಲ್ಲ. ನಾನೇ ಕಲಿಸಲಿಲ್ಲ.