ಮಿಲಿಟ್ರಿ ಪೊರ್ಬುಗಳು

ದೋಹಾದ ಅಲ್ ಥುಮಾಮಾದ ನಮ್ಮ ಕಂಪೌಂಡಿನಲ್ಲಿ ಎದುರು ಮನೆಗೆ ಒಬ್ಬ ನರ್ಸ್ ಬಾಡಿಗೆಗೆ ಬಂದರು. ಜೊತೆಯಲ್ಲಿ ಎಂಬತ್ತರ ಆಸುಪಾಸಿನ ಅವರ ಅಪ್ಪ. ಕರಾವಳಿಯಲ್ಲಿ ಕ್ರೈಸ್ತ ಹಿರಿಯರನ್ನು ‘ಪೊರ್ಬುಗಳು’ ಎಂದು ಕರೆಯುತ್ತಾರಂತೆ. ಉಡುಪಿಯವನಾದ ನನ್ನ ಗಂಡ ಮೊದಲ ದಿನವೇ ಹಾಗೆ ಕರೆದ. ಅವರು ಸೈನ್ಯದಲ್ಲಿ ಲಾರಿ ಓಡಿಸಿದವರೆಂದು ತಿಳಿದ ಮೇಲೆ ಮನೆಯೊಳಗಿನ ಮಾತಿನಲ್ಲಿ ಮಿಲಿಟ್ರಿ ಪೊರ್ಬುಗಳು ಆದರು. ಹಾಸನದ ಕಡೆಯ ನಾನು ಮಾತ್ರ ಅಂಕಲ್ ಎನ್ನುತ್ತಿದ್ದೆ.

ಸೈನ್ಯದಿಂದ ಬಂದ ಮೇಲೆ ಅವರು ತಮ್ಮ ಸಣ್ಣ ಪೇಟೆಯಲ್ಲಿ ಶವಪೆಟ್ಟಿಗೆಯ ಅಂಗಡಿ ಇಟ್ಟಿದ್ದರು. ಸುತ್ತಲಿಗೆಲ್ಲ ಹೆಣ ಸಾಗಿಸುವ ವ್ಯಾನು ಅವರದೊಂದೇ. ಇಗರ್ಜಿಗೂ ಮಸೀದಿಗೂ ಸುಡುಗಾಡಿಗೂ ಅದೇ ವ್ಯಾನು ಹೋಗುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಮಗಳು ಹಟ ಹಿಡಿದು ದೋಹಾಕ್ಕೆ ಕರೆತಂದಿದ್ದರು.

ಆ ಚಳಿಗಾಲದಲ್ಲಿ ಅಮ್ಮ ವಿಸಿಟ್ ವೀಸಾದಲ್ಲಿ ನಮ್ಮಲ್ಲಿಗೆ ಬಂದಳು. ಸಂಜೆ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವಳೂ ಪೊರ್ಬುಗಳೂ ಕೂರುತ್ತಿದ್ದರು. ಅಮ್ಮನಿಗೆ ಯಾರನ್ನೂ ಏನನ್ನೂ ಕೇಳಲು ಸಂಕೋಚವಿರಲಿಲ್ಲ.

“ಅಲ್ಲ, ದಿನಾ ಆ ಕೆಲಸ ಮಾಡ್ಕೊಂಡು ಊಟ ಹೆಂಗೆ ಸೇರ್ತಿತ್ತು ನಿಮಗೆ?”

“ಹಸಿವಾಗ್ತದಲ್ಲ ಅಮ್ಮ,” ಎಂದರು ಅವರು.

ಅಮ್ಮ ಆ ಉತ್ತರವನ್ನು ಹೇಳಿಕೊಂಡು ಎರಡು ದಿನ ನಕ್ಕಳು.

ಒಂದು ಬೆಳಿಗ್ಗೆ, ನನ್ನ ಮಗ ಶಾಲೆಗೆ ಹೋದ ಮೇಲೆ, ಹುರುಳಿಕಾಯಿ ಹೆಚ್ಚುತ್ತಿದ್ದ ಅಮ್ಮ ಎದೆ ಉರಿ ಎಂದಳು. ನೀರು ತರುವಷ್ಟರಲ್ಲಿ ಗೋಡೆಗೆ ಒರಗಿಬಿಟ್ಟಿದ್ದಳು. ಆಂಬುಲೆನ್ಸ್ ಬೇಗನೇ ಬಂತು. ಆಸ್ಪತ್ರೆಯಲ್ಲಿ ಬಹಳ ಹೊತ್ತು ಪ್ರಯತ್ನಪಟ್ಟರು, ಅಮ್ಮ ಉಳಿಯಲಿಲ್ಲ. ಗಂಡ ದೂರದ ರಾಸ್ ಲಫ್ಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಡ್ಯೂಟಿಯಲ್ಲಿದ್ದ. ಅವನು ಬಂದು ಮುಟ್ಟುವ ಮೊದಲೇ ಪೊರ್ಬುಗಳು ಟ್ಯಾಕ್ಸಿ ಮಾಡಿಕೊಂಡು ಬಂದಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತು, “ನಾನು ಇಲ್ಲೇ ಇದ್ದೇನೆ ಮಗಾ,” ಎಂದರು ಅಷ್ಟೆ.

ಊರಿಗೆ ಕಳಿಸುವ ಕಾಗದಪತ್ರದ ಓಡಾಟವನ್ನು ಗಂಡ ನೋಡಿಕೊಂಡ. ಕಳಿಸುವ ದಿನ ಬೆಳಿಗ್ಗೆ ಪೊರ್ಬುಗಳು ನಮ್ಮ ಬಾಗಿಲಿಗೆ ಬಂದರು.

“ಅಮ್ಮನ ಸೀರೆ ಉಂಟಾ? ತಗೊಳ್ಳಿ. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಕಳಿಸುವುದು ಬೇಡ. ಊರಲ್ಲಿ ಪೆಟ್ಟಿಗೆ ತೆಗೆದವರಿಗೆ ಅವರ ಅಮ್ಮನೇ ಕಾಣ್ಬೇಕು.”

ಮೊಮ್ಮಗನ ಹುಟ್ಟುಹಬ್ಬಕ್ಕೆ ಉಡಲೆಂದು ಅಮ್ಮ ತಂದಿದ್ದ ಹಸಿರು ಸೀರೆಯನ್ನೇ ತೆಗೆದುಕೊಂಡೆ.

ಶವಾಗಾರದಲ್ಲಿದ್ದ ಫಿಲಿಪಿನೋ ಹೆಣ್ಣುಮಗಳು ಒಳ್ಳೆಯವಳು, ಆದರೆ ಸೀರೆ ಉಡಿಸಿ ಗೊತ್ತಿಲ್ಲ. ನನಗೂ ಕೈಕಾಲು ಆಡುತ್ತಿರಲಿಲ್ಲ. ಬಾಗಿಲ ಹೊರಗಿದ್ದ ಪೊರ್ಬುಗಳನ್ನು ಒಳಗೆ ಬನ್ನಿ ಎಂದು ಕರೆದೆ. ಅವರು ಬಂದವರೇ ಮೂಲೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತರು.

“ನಾನು ನೋಡುವುದಿಲ್ಲ. ನೀವೇ ಮಾಡಿ, ನಾನು ಹೇಳ್ತೇನೆ. ಮೊದಲು ಸೆರಗಿನ ಕಡೆ ಅಲ್ಲ, ನೆರಿಗೆಯ ಕಡೆ ಹಿಡ್ಕೊಳ್ಳಿ. ಆ ಹುಡುಗಿ ಭುಜ ಸ್ವಲ್ಪ ಎತ್ತಲಿ.”

ಹಿಡಿದ ನೆರಿಗೆ ಬಿಚ್ಚಿಹೋಯಿತು. “ಆಗ್ತಿಲ್ಲ ಅಂಕಲ್,” ಎಂದೆ.

“ಅಮ್ಮನತ್ರ ಮಾತಾಡ್ತಾ ಮಾಡಿ. ಸುಮ್ಮನೆ ಮಾಡಿದರೆ ಯಾರಿಗೂ ಆಗುವುದಿಲ್ಲ.”

ಏನು ಮಾತಾಡುವುದು? ನೆರಿಗೆ ಸರಿಯಾಗಿ ಬರ್ತಿಲ್ಲ ಕಣಮ್ಮ, ನೀನೇ ಅಲ್ವಾ ಬೈತಿದ್ದೆ, ಇಷ್ಟು ವರ್ಷ ಆದ್ರೂ ನಿಂಗೆ ಸೀರೆ ಉಡಕ್ಕೆ ಬರಲ್ಲ ಅಂತ. ಹೀಗೇ ಏನೇನೋ ಹೇಳಿದೆ. ಆ ಹುಡುಗಿಗೆ ಕನ್ನಡ ಬಾರದಿದ್ದರೂ ಅವಳ ಕಣ್ಣು ತುಂಬಿತ್ತು. ಹಣೆಗೆ ಕುಂಕುಮ ಇಟ್ಟು, ತಲೆ ಬಾಚಿ, ಆಯಿತು ಎಂದ ಮೇಲೆಯೇ ಪೊರ್ಬುಗಳು ಇತ್ತ ತಿರುಗಿದ್ದು. ಅಮ್ಮನನ್ನು ನೋಡಿ, “ಚಂದ ಆಗಿದೆ,” ಎಂದರು. ಆಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಹೊರಗೆ ನಡೆದರು.

ಊರಿನಲ್ಲಿ ಪೆಟ್ಟಿಗೆ ತೆರೆದಾಗ ಅಣ್ಣ ಅಮ್ಮನ ಕೆನ್ನೆ ಮುಟ್ಟಿ, “ಮಲಗಿದ ಹಾಗೇ ಇದ್ದಾಳಲ್ಲೇ,” ಎಂದ. ಅಲ್ಲಿಯವರೆಗೆ ಕಲ್ಲಾಗಿ ಕೂತಿದ್ದ ಅಪ್ಪ ಆಗ ಅತ್ತರು.

ದೋಹಾಕ್ಕೆ ಮರಳಿದ ಮೇಲೆ ಒಂದು ಸಂಜೆ ಪೊರ್ಬುಗಳನ್ನು ಹಳೆಯ ಪೇಟೆ ಸೂಕ್ ವಾಕಿಫ್‌ಗೆ ಕರೆದೊಯ್ದೆವು. ಅಲ್ಲಿನ ಪಾರಿವಾಳಗಳನ್ನು ನೋಡುವುದೆಂದರೆ ಅವರಿಗೆ ಇಷ್ಟ. ಕಡಕ್ ಚಹಾ ಕುಡಿಯುತ್ತಾ, ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ಕೇಳಿದೆ.

ಬಾಂಗ್ಲಾ ಯುದ್ಧದಲ್ಲಿ ಅವರ ಲಾರಿಯಲ್ಲಿ ಮುಂದಕ್ಕೆ ರೇಷನ್ನು, ಹಿಂದಕ್ಕೆ ಗಾಯಾಳುಗಳು ಮತ್ತು ಸತ್ತವರು. ಹಾವೇರಿ ಕಡೆಯ ಒಬ್ಬ ಗೆಳೆಯನಿದ್ದನಂತೆ. ಅವನನ್ನೂ ಅದೇ ಲಾರಿಯಲ್ಲಿ ತಂದು, ಉಳಿದವರ ಜೊತೆ ಅಲ್ಲೇ ಸುಟ್ಟರು. ರಜೆಯಲ್ಲಿ ಬಂದಾಗ ಇವರು ಅವನ ಮನೆ ಹುಡುಕಿಕೊಂಡು ಹೋದರು.

“ಅವನ ತಾಯಿ ಯುದ್ಧದ ವಿಷಯ ಒಂದೂ ಕೇಳ್ಲಿಲ್ಲ. ‘ನನ್ ಮಗನ ಮಾರಿ ಯಾರರ ತೊಳದಿದ್ರೇನಪ್ಪಾ’ ಅಂತ ಕೇಳಿದ್ರು.”

“ನೀವೇನಂದ್ರಿ?”

“ಮುಖ ತೊಳೆದೆವು ಅಂತ ಹೇಳಿದೆ. ಯಾರು ತೊಳೀತಾರೆ ಅಲ್ಲಿ? ಅವರು ನನಗೆ ರೊಟ್ಟಿ ಬಡಿಸಿದ್ರು. ತಿನ್ಲಿಕ್ಕೆ ಆಗ್ಲಿಲ್ಲ.” ಲೋಟದ ಚಹಾ ಮುಗಿಸಿ ಮುಂದುವರಿಸಿದರು. “ಸರ್ವಿಸ್ ಮುಗಿಸಿ ಬಂದವ ಒಂದು ಹಳೇ ವ್ಯಾನು ತಗೊಂಡೆ. ಬಡಗಿ ಕೆಲಸ ಅಪ್ಪನಿಂದ ಬಂದಿತ್ತು. ನನ್ನ ಕೈಗೆ ಬಂದ ಯಾರನ್ನೂ ಮುಖ ತೊಳೆಯದೆ ಕಳಿಸ್ಲಿಲ್ಲ.”

ಆಮೇಲೆಯೂ ಕೆಲವು ವರ್ಷ ಅವರು ನಮ್ಮೆದುರಿಗೇ ಇದ್ದರು. ಇಂಡಸ್ಟ್ರಿಯಲ್ ಏರಿಯಾದ ಕಾರ್ಮಿಕರ ಕ್ಯಾಂಪಿನಲ್ಲಿ ನಮ್ಮ ಕಡೆಯವರು ಯಾರಾದರೂ ತೀರಿಕೊಂಡರೆ ನನ್ನ ಗಂಡನೊಂದಿಗೆ ಹೊರಡುತ್ತಿದ್ದರು. ರೂಮಿನವರನ್ನು ಕೂರಿಸಿಕೊಂಡು, ತೀರಿಕೊಂಡವನ ಒಳ್ಳೆಯ ಅಂಗಿ ಯಾವುದು ಎಂದು ಕೇಳಿ, ಅವರ ಕೈಯಲ್ಲೇ ಇಸ್ತ್ರಿ ಹಾಕಿಸುತ್ತಿದ್ದರು.

ಕಳೆದ ವರ್ಷ ಮೊಮ್ಮಗಳ ಮದುವೆಗೆಂದು ಊರಿಗೆ ಹೋದವರು ಅಲ್ಲಿಯೇ, ಮದುವೆ ಮುಗಿಸಿಕೊಂಡು, ನಿದ್ದೆಯಲ್ಲಿ ಹೋದರು. ಇಗರ್ಜಿಯ ಪೂಜೆಯನ್ನು ಆಫೀಸಿನಲ್ಲಿ ಕೂತು ಫೋನಿನಲ್ಲಿ ನೋಡಿದೆ. ಪೆಟ್ಟಿಗೆಯ ಮೇಲೆ ಮಾಜಿ ಸೈನಿಕರು ಬಾವುಟ ಹೊದಿಸಿದರು. ಬುರ್ಖಾ ತೊಟ್ಟ ಅಜ್ಜಿಯೊಬ್ಬರು ಇಬ್ಬರ ಆಸರೆಯಲ್ಲಿ ಬಂದು ನಿಂತು ಹೋದರು. ಯಾರೋ ನನಗೆ ತಿಳಿಯದು.

ಅವರ ಮಗಳು ದೋಹಾಕ್ಕೆ ಮರಳಿದ ದಿನ ಅನ್ನ, ಸಾರು ತೆಗೆದುಕೊಂಡು ಹೋದೆ. ಊಟದ ನಡುವೆ ಅವರೇ ಹೇಳಿದರು.

“ಡ್ಯಾಡಿ ತನಗೇ ಅಂತ ಒಂದು ಸೂಟ್ ತೆಗೆದಿಟ್ಟಿದ್ರು ಮಾರಾಯ್ರೆ, ಎಷ್ಟೋ ವರ್ಷದ ಹಿಂದೆ. ಹಾಕ್ಲಿಕ್ಕೆ ನೋಡಿದ್ರೆ ಪೂರಾ ಲೂಸು. ಅಷ್ಟು ಸಣ್ಣ ಆಗಿದ್ರು. ನಾನೂ ತಮ್ಮನೂ ಕೋಟಿಗೆ ಬೆನ್ನ ಕಡೆಯಿಂದ ಪಿನ್ ಹಾಕಿದೆವು. ಬಂದವರೆಲ್ಲ ಎಷ್ಟು ಚಂದ ಕಾಣ್ತಾರೆ ಅಂತಿದ್ರು.”

ಹೇಳುತ್ತಾ ನಕ್ಕವರಿಗೆ ಅಳು ಬಂತು. ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ. ಕಣ್ಣೊರೆಸಿಕೊಂಡು ಊಟ ಮುಗಿಸಿದರು.