ಕುಕ್ಕರ್ ಕೂಗದ ಮನೆ

ನಮ್ಮ ಮನೆಯವರ ಕೊನೇ ಭಾನುವಾರ ಸಾರಿನ ಬೇಳೆ ಸರಿಯಾಗಿ ಬೆಂದಿರಲಿಲ್ಲ. ಅವರು ಅದನ್ನೇ ಕಲಸ್ಕೊಂಡರು. ಉಂಡರು, ಕೈ ತೊಳೆದರು, ನಾಳೆ ಹಾಕ್ಕೊಳ್ಳೋ ಶರ್ಟಿಗೆ ತಾವೇ ಇಸ್ತ್ರಿ ಮಾಡ್ಕೊಂಡರು. ಮಧ್ಯಾಹ್ನ ಒಂದು ಜೊಂಪು ಮಲಗಿದರು. ಅಂಥ ದಿನದಾಗೆ ಬರೆಯೋವಂಥದ್ದು ಏನೂ ಇರಲ್ಲ.

ಬೇಳೆ ಬೇಯದೇ ಇದ್ದದ್ದಕ್ಕೆ ಕಾರಣ ಆಫೀಸಿನೋರು. ಅದನ್ನ ಹೇಳ್ತೀನಿ.

ಅವರ ಹೆಸರು ಜಂಬುಲಿಂಗಪ್ಪ. ಮೊಳಕಾಲ್ಮೂರಿನ ಔಷಧಿ ಅಂಗಡಿಯಾಗೆ ಇದ್ದೋರು. ಎರಡು ಸಾವಿರದ ಎರಡರಾಗೆ ಚಳ್ಳಕೆರೆಗೆ ಬಂದ್ವಿ. ಎಣ್ಣೆ ಅಂಗಡಿ ಮೇಲೆ ಮೂರನೇ ಮಹಡಿಯಾಗೆ ಒಂದು ಆಫೀಸು ಶುರುವಾಗಿತ್ತು. ಅಮೆರಿಕದ ಡಾಕ್ಟರು ರೋಗಿ ಬಗ್ಗೆ ಮಾತಾಡಿದ್ದು ಕಂಪ್ಯೂಟರಿಗೆ ಬರೋದು. ಇವರು ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು, ಕಾಲಡಿ ಪೆಡಲ್ ಒತ್ತಿ ಮಾತು ನಿಲ್ಲಿಸಿ ನಿಲ್ಲಿಸಿ ಕೇಳಿ, ಟೈಪ್ ಮಾಡೋರು. ನಾನು ಓದಿದ್ದು ನಾಲ್ಕನೇ ಕ್ಲಾಸು. ನನಗೆ ತಿಳಿದಿದ್ದು ಇಷ್ಟು.

ಆಮೇಲೆ ಎದೆನೋವು ಬಂತು. ದಾವಣಗೆರೆ ಡಾಕ್ಟರು ಮೆಟ್ಟಿಲು ಹತ್ತಲೇಬೇಡಿ ಅಂದರು. ಆಫೀಸಿನ ಮಾಲೀಕ ಮರುಳಪ್ಪ ಒಂದು ಕಂಪ್ಯೂಟರ್ ಮನೆಗೆ ಕಳಿಸಿದ. ಅಷ್ಟು ಒಳ್ಳೇದು ಮಾಡಿದ. ಅಷ್ಟೇ ಮಾಡಿದ.

ಬೆಳಗ್ಗೆ ಕೆಲಸ ಹಂಚೋಕೆ ಮುರುಗೇಂದ್ರಪ್ಪ ಫೋನ್ ಮಾಡೋನು. ಇವರ ಪಕ್ಕದಾಗೆ ಕೂತು ಕೆಲಸ ಮಾಡಿದವನೇ. ಎಲ್ಲರಿಗೂ ಕೇಳೋ ಹಂಗೆ ಸ್ಪೀಕರ್ ಹಾಕೋನು. ಒಂದಿನ ಆ ಹೊತ್ತಿಗೆ ಸರಿಯಾಗಿ ನಮ್ಮ ಕುಕ್ಕರ್ ಕೂಗ್ತು.

"ಏನ್ ಜಂಬಣ್ಣ, ಆಫೀಸಿನ ಬೆಲ್ ಆಯ್ತಾ?"

ಅಲ್ಲಿ ಎಲ್ಲಾ ಕಿಸಕ್ ಅಂದರು.

"ಹುಷಾರಪ್ಪಾ, ಅಮೆರಿಕದ ರೋಗಿಗೆ ದಿನಕ್ಕೆ ಮೂರು ಸಲ ಒಗ್ಗರಣೆ ಅಂತ ಬರೆದುಬಿಟ್ಟೀಯ!"

ತ್ರಿವೇಣಿ ಅನ್ನೋಳು ಹಿಂದಿನಿಂದ, "ಲುಂಗಿ ಉಟ್ಕೊಂಡಿದಾರಾ ಕೇಳ್ರಿ ಸಾರ್" ಅಂದಳು.

ನಮ್ಮವರೂ ನಕ್ಕರು. ಫೋನ್ ಇಟ್ಟ ಮೇಲೆ ನಗಲಿಲ್ಲ. ಮಾರನೇ ದಿನದಿಂದ ಪ್ಯಾಂಟು ಶರ್ಟು ಹಾಕ್ಕೊಂಡು ಕೂತರು. ಫೋನಿನಾಗೆ ಯಾರಿಗೆ ಕಾಣ್ತೈತೆ?

"ರುದ್ರಿ, ಕುಕ್ಕರ್ ಇಡಬೇಡ" ಅಂದರು.

ಕುಕ್ಕರ್ ಅಟ್ಟ ಸೇರ್ತು. ಬೇಳೆನ ಪಾತ್ರೆಯಾಗೆ ಬೇಯಿಸ್ತಿದ್ದೆ. ಆದರೂ ಆ ಜನಕ್ಕೆ ಅದೇ ಮಾತು. "ಜಂಬಣ್ಣ, ಇವತ್ತು ಎಷ್ಟು ಕೂಗು?" ಕೂಗೇ ಇಲ್ಲ ಅಂದ್ರೆ, "ಗ್ಯಾಸ್ ಖಾಲಿಯಾ?" ಓದಿದ ಜನ. ಹಳಸಿದ್ದನ್ನೇ ದಿನಾ ಬಿಸಿ ಮಾಡ್ಕೊಂಡು ತಿನ್ನೋರು.

ನಗ್ತಾ ನಗ್ತಾ ಅದು ಮರುಳಪ್ಪನ ಕಿವಿಗೂ ಬಿತ್ತು. ಅವನು ನಗಲಿಲ್ಲ, ನಂಬಿದ. ಶನಿವಾರ ಫೋನ್ ಮಾಡಿ, "ಅಡಿಗೆ ಮಾಡ್ಕೊಂಡು ಕೂರೋಕೆ ಕಂಪ್ಯೂಟರ್ ಕೊಟ್ಟಿಲ್ಲ. ಸೋಮವಾರ ಆಫೀಸಿಗೆ ಬರ್ರಿ, ಇಲ್ಲಾ ಕೆಲಸ ಬಿಡ್ರಿ" ಅಂದ. ಕೊಟ್ಟ ಕೆಲಸ ನಮ್ಮವರು ಒಂದಿನವೂ ಉಳಿಸ್ಕೊಂಡಿರಲಿಲ್ಲ. ಅದು ಮುರುಗೇಂದ್ರಪ್ಪನಿಗೆ ಗೊತ್ತಿತ್ತು. ತಮಾಷೆಗಂದಿದ್ದು ಸಾರ್ ಅಂತ ಒಂದು ಮಾತು ಹೇಳಬಹುದಿತ್ತು. ಅಷ್ಟು ದೊಡ್ಡ ಬಾಯಿ, ಆಗ ಬಿಡಲಿಲ್ಲ.

"ಹೋಗಬೇಡ್ರಿ" ಅಂದೆ.

"ನಿಧಾನಕ್ಕೆ ಹತ್ತುತೀನಿ ಬಿಡೇ."

ಸೋಮವಾರ ಎರಡನೇ ಮಹಡಿ ದಾಟಲಿಲ್ಲ, ಮೆಟ್ಟಿಲ ಮೇಲೇ ಕುಸಿದರು. ಆಫೀಸಿನಾಗೆ ಕಂಪ್ಯೂಟರ್ ರಿಪೇರಿ ಮಾಡೋ ಶಹನವಾಜ್ ಬೆನ್ನ ಮೇಲೆ ಹೊತ್ಕೊಂಡು ಇಳಿಸಿದರು. ಅವರೂ ನಕ್ಕಿದ್ದೋರೇ ಇರಬಹುದು. ಆದರೆ ಹೊತ್ತರು. ಕೆಳಗೆ ಬರೋ ಹೊತ್ತಿಗೆ ಜೀವ ಇರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಆಫೀಸಿನೋರು ಮನೆಯಾಗೆ ಸಾಲಾಗಿ ಕೂತರು. ಮುರುಗೇಂದ್ರಪ್ಪ ಕಣ್ಣೊರೆಸ್ಕೊಂಡು, "ಅಕ್ಕಾ, ಎಂಥಾ ತಮಾಷೆ ಮನುಷ್ಯ ನಮ್ಮ ಜಂಬಣ್ಣ. ಎಷ್ಟು ನಗಾಡ್ತಿದ್ವಿ" ಅಂದ.

"ನೀವು ನಗಾಡ್ತಿದ್ರಿ" ಅಂದೆ. "ಅವರು ಮೆಟ್ಟಿಲು ಹತ್ತಿದರು."

ಎದ್ದು ಹೋದರು. ಚಪ್ಪಲಿ ಮೆಟ್ಕೊಂಡು ಹೋಗೋವರೆಗೂ ಯಾರೂ ತಲೆ ಎತ್ತಲಿಲ್ಲ. ಆ ವಾರವೇ ಕಂಪ್ಯೂಟರ್ ಒಯ್ದರು.

ಕುಕ್ಕರ್ ಇನ್ನೂ ಅಟ್ಟದ ಮೇಲೈತೆ. "ಇಳಿಸವ್ವಾ, ಈಗ ಯಾರು ಕೇಳ್ತಾರೆ" ಅಂತಾಳೆ ಮಗಳು. ಬೇಳೆ ಹಿಂದಿನ ದಿನವೇ ನೆನೆ ಹಾಕೋದು ಈಗ ಕಲ್ತಿದೀನಿ. ಬೆಳಗ್ಗೆ ಎದ್ದು ಪಾತ್ರೆ ಇಡ್ತೀನಿ. ನೊರೆ ತೆಗೀತೀನಿ. ಬೇಯೋವರೆಗೂ ಸೌಟು ಹಿಡ್ಕೊಂಡು ನಿಂತಿರ್ತೀನಿ.